ಬ್ರಿಕೆಟ್ ಬಾಯ್ಲರ್‌ಗೆ ಬ್ಯಾಗ್ ಫಿಲ್ಟರ್: ಹಾಕಿಸಿ ಕೆಲವು ವರ್ಷಗಳಾದ ಮೇಲೆ

ಪುಣೆ ಹತ್ತಿರದ ಚಾಕಣ್ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ರಟ್ಟಿನ ಪೆಟ್ಟಿಗೆ ಕಾರ್ಖಾನೆ. ಬಾಯ್ಲರ್ ಗಂಟೆಗೆ ಮೂರು ಟನ್ ಹಬೆ ಕೊಡುವಂಥದ್ದು. ಉರುವಲು ಬ್ರಿಕೆಟ್, ಅಂದರೆ ಬೆಳೆಯ ಸಿಪ್ಪೆ, ಹೊಟ್ಟನ್ನು ಒತ್ತಿ ಮಾಡಿದ ಗಟ್ಟಿ. ಹೊಗೆಯನ್ನು ಬಟ್ಟೆ ಚೀಲಗಳಲ್ಲಿ ಸೋಸುವ ಬ್ಯಾಗ್ ಫಿಲ್ಟರ್‌ಗೆ ಹಾಕಿದ ದುಡ್ಡು ದಂಡವಾಗಿಲ್ಲ. ಆದರೆ ಕೂರಿಸಿ ಮರೆತುಬಿಡುವವರಿಗೆ ಇದು ಬೇಡ.

ಮೊದಲು ಹೊಗೆಯನ್ನು ಗಿರಗಿರ ಸುತ್ತಿಸಿ ಬೂದಿ ಬೇರ್ಪಡಿಸುವ ಮಲ್ಟಿಸೈಕ್ಲೋನ್ ಬರೀ ಇತ್ತು. ದಪ್ಪ ಬೂದಿ ಅದರಲ್ಲಿ ಸಿಗುತ್ತದೆ, ಸಣ್ಣದು ತಪ್ಪಿಸಿಕೊಳ್ಳುತ್ತದೆ. ಶೇಂಗಾ ಸಿಪ್ಪೆ, ಸೋಯಾ ಹೊಟ್ಟು ಉರಿದಾಗ ಅವುಗಳಲ್ಲಿನ ಪೊಟ್ಯಾಸಿಯಂ ಆವಿಯಾಗಿ, ತಣಿಯುತ್ತಾ ಒಂದು ಮೈಕ್ರಾನ್‌ಗಿಂತ ಚಿಕ್ಕ ಕಣವಾಗುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಇಂಥ ಕಣಗಳೇ. ನಮ್ಮ ಕಾಂಪೌಂಡಿನ ಆಚೆ ವಿಜಯಪುರ, ಕಲಬುರಗಿ ಕಡೆಯ ಕುಟುಂಬಗಳ ಖೋಲಿಗಳಿವೆ. ಈಗ ಅಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಮಸಿ ಕೂರುವುದಿಲ್ಲ.

ಮಾರಲು ಬಂದವರು ಮೊದಲು ತೋರಿಸಿದ್ದು ಅಗ್ಗದ ಪಾಲಿಯೆಸ್ಟರ್ ಬ್ಯಾಗ್. ಅದು ತಾಳುವುದು ಸುಮಾರು 130 ಡಿಗ್ರಿ ಸೆಲ್ಸಿಯಸ್. ನಮ್ಮ ಹೊಗೆ 170ರ ಆಸುಪಾಸು. ಹಟ ಹಿಡಿದು, ಹೆಚ್ಚು ಶಾಖ ತಾಳುವ ಪಿಟಿಎಫ್‌ಇ (ಟೆಫ್ಲಾನ್) ಪದರದ ಗ್ಲಾಸ್ ಫೈಬರ್ ಬ್ಯಾಗನ್ನೇ ಹಾಕಿಸಿದೆವು. ಹಳೆಯ ಮಲ್ಟಿಸೈಕ್ಲೋನನ್ನೂ ಕೀಳಲು ಬಿಡಲಿಲ್ಲ. ಹಾರಿ ಬರುವ ಕಿಡಿಯನ್ನು ಅದು ತಡೆಯದಿದ್ದರೆ ಎಂಥ ಬ್ಯಾಗೂ ತೂತು ಬೀಳುತ್ತದೆ.

ನಿಜವಾದ ಕಾಟ ಮಳೆಗಾಲದ್ದು. ಬ್ರಿಕೆಟ್ ತೇವ ಎಳೆದುಕೊಳ್ಳುತ್ತದೆ. ಸೋಮವಾರ ಬೆಳಿಗ್ಗೆ ತಣ್ಣಗಿನ ಬಾಯ್ಲರ್ ಹೊತ್ತಿಸಿದ ಕೂಡಲೇ ಹೊಗೆಯನ್ನು ಫಿಲ್ಟರ್‌ಗೆ ಬಿಟ್ಟರೆ ಒಳಗೆ ನೀರು ಇಳಿದು, ಬೂದಿ ಬಟ್ಟೆಗೆ ಸಿಮೆಂಟಿನ ಹಾಗೆ ಕಚ್ಚುತ್ತದೆ. ಆಮೇಲೆ ಎಷ್ಟು ಗಾಳಿ ಹೊಡೆದರೂ ಉದುರುವುದಿಲ್ಲ. ಬಾಯ್ಲರ್ ಉರಿಸುವ, ಇಂಡಿ ತಾಲ್ಲೂಕಿನ ನಮ್ಮ ಫೈರ್‌ಮನ್ ಹೊಸ ಹುಡುಗರಿಗೆ ಹೇಳುವುದು ಇದನ್ನೇ: "ಹೊಗಿ ಬಿಸಿ ಆಗೂತನ ಡ್ಯಾಂಪರ್ ಮುಟ್ಟಬ್ಯಾಡ್ರಿ." ಡ್ಯಾಂಪರ್ ಅಂದರೆ ಹೊಗೆಯನ್ನು ಫಿಲ್ಟರ್‌ಗೆ ತಿರುಗಿಸುವ ಬಾಗಿಲು. ಅಷ್ಟು ಹೊತ್ತು ಹೊಗೆ ಫಿಲ್ಟರ್ ಬಿಟ್ಟು, ಬೈಪಾಸಿನಲ್ಲಿ ಸೋಸದೆ ಹೋಗುತ್ತದೆ, ಅದು ನನಗೆ ಇವತ್ತಿಗೂ ಸಂಕಟ. ಅದಕ್ಕೇ ಒಣ ಸೌದೆಯಲ್ಲಿ ಹೊತ್ತಿಸಿ ಆ ಹೊತ್ತನ್ನು ಆದಷ್ಟು ಮೊಟಕು ಮಾಡುತ್ತೇವೆ.

ಬೂದಿ ಉದುರಿಸಲು ಬ್ಯಾಗಿಗೆ ಗಾಳಿ ಹೊಡೆಯುವ ಪಲ್ಸಿಂಗ್ ಅತಿಯಾಗಬಾರದು. ಬಟ್ಟೆ ಮೇಲೆ ಕೂತ ತೆಳು ಬೂದಿಯೂ ಸಣ್ಣ ಕಣಗಳನ್ನು ಹಿಡಿಯುತ್ತದೆ. ನಾವು ಡಿಪಿ, ಅಂದರೆ ಬ್ಯಾಗಿನ ಒಳಗೂ ಹೊರಗೂ ಇರುವ ಒತ್ತಡದ ವ್ಯತ್ಯಾಸ ನೋಡಿ, ಅದನ್ನು ನೀರಿನ ಲೆಕ್ಕದಲ್ಲಿ 100 ಮಿಲಿಮೀಟರ್ ಸುತ್ತಮುತ್ತ ಇಟ್ಟುಕೊಳ್ಳುತ್ತೇವೆ. ಹೊಗೆ ಎಳೆಯುವ ಐಡಿ ಫ್ಯಾನ್, ಪಲ್ಸಿಂಗ್‌ಗೆ ಗಾಳಿ ಕೊಡುವ ಕಂಪ್ರೆಸರ್ ಎರಡರಿಂದಲೂ ಕರೆಂಟ್ ಬಿಲ್ ಏರಿದೆ.

ಮಾರಾಟದ ನಂತರದ ಸೇವೆಗೆ ಮಾತ್ರ ಕಡಿಮೆ ಅಂಕ. ಪಲ್ಸಿಂಗ್ ಗಾಳಿ ಬಿಡುವ ಸೊಲೆನಾಯ್ಡ್ ವಾಲ್ವಿನ ಡಯಾಫ್ರಂ (ಒಳಗಿನ ಪೊರೆ) ಹರಿದಾಗ ಬಿಡಿಭಾಗಕ್ಕಾಗಿ ಫೋನ್ ಮಾಡಿ ಮಾಡಿ ಸಾಕಾಯಿತು. ಆರ್ಡರ್ ಕೊಡುವಾಗಲೇ ಒಂದು ಸೆಟ್ ಡಯಾಫ್ರಂ, ನಾಲ್ಕಾರು ಬ್ಯಾಗ್ ಹೆಚ್ಚುವರಿಯಾಗಿ ಬರೆಸಿಕೊಳ್ಳಿ.