ಸೀಜ್ ಆದ ಇಂಜಿನ್‌ಗೆ ಹೊಸ ಪಿಸ್ಟನ್ ಹಾಕಿಸುವ ಮುಂಚೆ ಇದನ್ನು ಓದಿ

ಒಂದೇ ಸೀಸನ್‌ನಲ್ಲಿ ಒಂದೇ ಸಿಲಿಂಡರ್ ಎರಡು ಸಲ ಸೀಜ್ ಆಯಿತು, ಅಂದರೆ ಪಿಸ್ಟನ್ ಒಳಗೇ ಕಚ್ಚಿಕೊಂಡಿತು. ಮೊದಲನೆಯದಕ್ಕೆ ಹಣೆಬರಹ ಅನ್ನಬಹುದು. ಎರಡನೆಯದು ನನ್ನ ದಡ್ಡತನ, ಜೊತೆಗೆ ಮೆಕ್ಯಾನಿಕ್‌ನ ಅವಸರ.

ನನ್ನದು ನಿಂತು ಓಡಿಸುವ ಜೆಟ್ ಸ್ಕೀ, ನೀರಿನ ಮೇಲೆ ಓಡುವ ಬೈಕ್ ಅನ್ನಿ. ಎರಡು ಸಿಲಿಂಡರ್, ಟೂ ಸ್ಟ್ರೋಕ್, 701 ಸಿಸಿ. ಯಮಹಾ ಸೂಪರ್‌ಜೆಟ್ ಕೂಡ 2021ರಲ್ಲಿ ಫೋರ್ ಸ್ಟ್ರೋಕ್ ಆಯಿತು. ಹೊಸ ಗಾಡಿ ಇರುವವರಿಗೆ ಈ ಕಥೆ ಬೇಕಿಲ್ಲ. ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಓಡಿಸುವವರು ಮಾತ್ರ ಓದಿ.

ಶುರುವಾಗಿದ್ದು ಸಣ್ಣದಾಗಿ. ಥ್ರಾಟಲ್ ಬಿಟ್ಟರೂ ರೇಸ್ ಕೂಡಲೇ ಇಳಿಯುತ್ತಿರಲಿಲ್ಲ. ಎರಡು ಮೂರು ಸೆಕೆಂಡ್ ಮೇಲೆಯೇ ನಿಂತು, ಆಮೇಲೆ ನಿಧಾನಕ್ಕೆ ಕೆಳಗೆ ಬರುತ್ತಿತ್ತು. ನಾನು ಕಾರ್ಬುರೇಟರ್‌ನ ಲೋ ಸ್ಪೀಡ್ ಸ್ಕ್ರೂ ಅರ್ಧ ಸುತ್ತು ಬಿಚ್ಚಿದೆ. ಪೆಟ್ರೋಲ್ ಸ್ವಲ್ಪ ಜಾಸ್ತಿ ಹೋಯಿತು, ರೇಸ್ ಸರಿಯಾಗಿ ಇಳಿಯತೊಡಗಿತು. ಟ್ಯೂನಿಂಗ್ ಕಲಿತುಬಿಟ್ಟೆ ಅಂತ ಒಳಗೊಳಗೇ ಖುಷಿ.

ಗಾಡಿ ಆಗ ಸಖತ್ತಾಗಿ ಓಡುತ್ತಿತ್ತು. ಅದೇ ಮೋಸ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆದ ಟೂ ಸ್ಟ್ರೋಕ್ ಸಾಯುವ ಮುಂಚೆ ಒಳ್ಳೆ ಚುರುಕಾಗಿರುತ್ತದೆ. ಆಯಿಲ್ ಬರುವುದೂ ಪೆಟ್ರೋಲ್ ಜೊತೆಗೇ ಅಲ್ವಾ? ಹಾಗಾಗಿ ಬಿಸಿಯೂ ಏರುತ್ತದೆ, ಜಾರಿಕೆಯೂ ತಗ್ಗುತ್ತದೆ. ಒಂದು ಸಂಜೆ ಪೂರ್ತಿ ಥ್ರಾಟಲ್‌ನಲ್ಲಿ ಹೋಗುವಾಗ ಇಂಜಿನ್ ಗಕ್ಕಂತ ನಿಂತಿತು. ದಡದ ತನಕ ತಳ್ಳಿಕೊಂಡು ಈಜಿದೆ.

ಆಮೇಲೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿದರೆ ಮುಂದಿನ ಸಿಲಿಂಡರ್ 155 ಪಿಎಸ್ಐ, ಹಿಂದಿನದು 40. ಪಿಸ್ಟನ್‌ನ ಎಕ್ಸಾಸ್ಟ್ ಕಡೆ ಉದ್ದುದ್ದ ಗೀರು. ಆ ವರ್ಷ ನಾನೇ ಎಕ್ಸಾಸ್ಟ್ ಪೈಪ್ ಬದಲಿಸಿದ್ದೆ. ಮೆಕ್ಯಾನಿಕ್ ಅದನ್ನು ನೋಡಿದವರೇ, "ಪೈಪ್ ಹಾಕಿ ಜೆಟ್ ಬದಲಿಸಿಲ್ಲ ನೀವು, ಇನ್ನೇನಾಗುತ್ತೆ?" ಅಂದರು. ಜೆಟ್ ಅಂದರೆ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಹಾಯುವ ತೂತಿನ ಸಣ್ಣ ತುಂಡು. ಮಾತು ಸರಿಯೆನಿಸಿತು. ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ, ದೊಡ್ಡ ಮೇನ್ ಜೆಟ್ ಕೂರಿಸಿದರು. ಪೈಪ್ ತಪ್ಪಾಗಿದ್ದರೆ ಎರಡೂ ಸಿಲಿಂಡರ್ ಬೇಯಬೇಕಿತ್ತು, ಹಿಂದಿನದೊಂದೇ ಯಾಕೆ ಹೋಯಿತು ಅಂತ ನಾನೂ ಕೇಳಲಿಲ್ಲ, ಅವರೂ ಯೋಚಿಸಲಿಲ್ಲ.

(ಹೊಸ ಇಂಜಿನನ್ನು ನೆಲದ ಮೇಲೆ, ಬಿಸಿಯಾಗದಿರಲಿ ಅಂತ ಪೈಪಿನ ನೀರು ಕೊಟ್ಟು ನೋಡುವವರಿಗೆ ಒಂದು ಮಾತು: ಮೊದಲು ಇಂಜಿನ್ ಸ್ಟಾರ್ಟ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಆಮೇಲೆ ಇಂಜಿನ್. ಉಲ್ಟಾ ಮಾಡಿದರೆ ಎಕ್ಸಾಸ್ಟ್ ಮೂಲಕ ನೀರು ಸಿಲಿಂಡರ್‌ಗೆ ನುಗ್ಗುತ್ತದೆ.)

ಹೊಸ ಪಿಸ್ಟನ್ ಹೊಂದಿಕೊಳ್ಳಲಿ ಅಂತ ಮೊದಲ ಟ್ಯಾಂಕ್‌ಗಳಿಗೆ ಆಯಿಲ್ ಜಾಸ್ತಿ, 32 ಪಾಲು ಪೆಟ್ರೋಲ್‌ಗೆ 1 ಪಾಲು ಬೆರೆಸಿದೆ. ಥ್ರಾಟಲ್ ಪೂರ್ತಿ ಎಳೆಯಲೇ ಇಲ್ಲ. ಆದರೂ ಮೂರನೇ ಟ್ಯಾಂಕ್‌ನಲ್ಲಿ ಮತ್ತೆ ಅದೇ ಸಿಲಿಂಡರ್, ಅದೇ ಗೀರು.

ಈ ಸಲ ಬೇರೆಯವರ ಹತ್ತಿರ ಹೋದೆ. ಅವರು ಇಂಜಿನ್ ಬಿಚ್ಚುವ ಮುಂಚೆ ಲೀಕ್ ಟೆಸ್ಟ್ ಮಾಡಿದರು. ಕಾರ್ಬುರೇಟರ್ ತೆಗೆದು ಆ ಬಾಯಿಗೂ ಎಕ್ಸಾಸ್ಟ್ ಬಾಯಿಗೂ ರಬ್ಬರ್ ಇಟ್ಟು ಪ್ಲೇಟ್ ಬಿಗಿದರು. ಪಲ್ಸ್ ಪೈಪಿನಿಂದ (ಇಂಜಿನ್ ತಳದಿಂದ ಪೆಟ್ರೋಲ್ ಪಂಪಿಗೆ ಹೋಗುವ ಸಣ್ಣ ಪೈಪ್) ಕೈಪಂಪಿನಲ್ಲಿ 8 ಪಿಎಸ್ಐ ಗಾಳಿ ತುಂಬಿದರು. ಅದಕ್ಕಿಂತ ತುಂಬಾ ಮೇಲೆ ಹೋಗಬಾರದು, ಚೆನ್ನಾಗಿರುವ ಸೀಲ್ ಕೂಡ ಜರುಗಬಹುದು. ಸರಿಯಿರುವ ಇಂಜಿನ್‌ನಲ್ಲಿ ಮೀಟರ್ ಮುಳ್ಳು ಕೆಲವು ನಿಮಿಷ ಹೆಚ್ಚುಕಮ್ಮಿ ಹಾಗೇ ನಿಲ್ಲಬೇಕು. ನನ್ನದು ಅರ್ಧ ನಿಮಿಷದಲ್ಲಿ ಸೊನ್ನೆ. ಪಂಕ್ಚರ್ ಹುಡುಕುವ ಹಾಗೆ ಸೋಪಿನ ನೀರು ಹಚ್ಚುತ್ತಾ ಬಂದರು. ಕ್ರ್ಯಾಂಕ್‌ನ (ಪಿಸ್ಟನ್‌ಗಳ ಕೆಳಗೆ ತಿರುಗುವ ದಂಡ) ಹಿಂದಿನ ಸೀಲ್ ಹತ್ತಿರ ನೊರೆ ಉಬ್ಬಿತು.

ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಮಿಶ್ರಣ ಕ್ರ್ಯಾಂಕ್ ಇರುವ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸ್ ಹಾದೇ ಮೇಲೆ ಹೋಗುವುದು. ಅಲ್ಲಿನ ಸೀಲ್ ಸವೆದರೆ ಪಕ್ಕದ ಸಿಲಿಂಡರ್ ಕಳ್ಳಗಾಳಿ ಎಳೆದುಕೊಳ್ಳುತ್ತದೆ. ಶುರುವಿನಲ್ಲಿ ರೇಸ್ ಇಳಿಯದಿದ್ದುದೂ ಇದಕ್ಕೇ, ನಾನು ಸ್ಕ್ರೂ ಬಿಚ್ಚಿ ಅದನ್ನು ಮುಚ್ಚಿಹಾಕಿದ್ದೆ ಅಷ್ಟೆ. ಜೆಟ್ ಎಷ್ಟು ದೊಡ್ಡದು ಹಾಕಿದರೂ ಆ ತೂತು ಮುಚ್ಚುವುದಿಲ್ಲ. ಇಡೀ ಟೆಸ್ಟ್ ಮುಗಿಯಲು ಒಂದು ಗಂಟೆ ಸಾಕಾಯಿತು. ಅದನ್ನು ಮೊದಲೇ ಮಾಡಿಸದೆ ಎರಡು ಪಿಸ್ಟನ್, ಎರಡು ಬೋರಿಂಗ್ ಖರ್ಚು ತೆತ್ತೆ. "ಪಿಸ್ಟನ್ ಹಾಕೋಣ, ಟೆಸ್ಟ್ ಎಲ್ಲ ಯಾಕೆ" ಅನ್ನುವವರ ಕೈಗೆ ಗಾಡಿ ಕೊಡಬೇಡಿ.

ಇಂಜಿನ್ ಇಳಿಸಿ, ಕೇಸ್ ಬಿಚ್ಚಿ, ಸೀಲ್‌ಗಳನ್ನೆಲ್ಲ ಬದಲಿಸಿದ್ದಾಯಿತು. ನೀರಿಗಿಳಿಸಿದ ದಿನ ಸ್ಲೋನಲ್ಲಿ ಇಂಜಿನ್ ಮುಗ್ಗರಿಸುತ್ತಾ ಹೊಗೆ ಬಿಡುತ್ತಿತ್ತು. ನಾನು ಹಿಂದೆ ಬಿಚ್ಚಿದ್ದ ಲೋ ಸ್ಪೀಡ್ ಸ್ಕ್ರೂ ಅರ್ಧ ಸುತ್ತು ವಾಪಸ್ ಬಿಗಿದೆ. ಸರಿಹೋಯಿತು.