ಪಿಸ್ಟನ್ ಕೈಗೆ ಬರುವ ಮೊದಲೇ ಬ್ಲಾಕ್ ಬೋರ್ ಮಾಡಿಸಬೇಡಿ

ಕಳೆದ ಡಿಸೆಂಬರಿನ ಒಂದು ಬೆಳಗ್ಗೆ ಬಳ್ಳಾರಿ ರಸ್ತೆಯಲ್ಲಿ ಹೋಗುತ್ತಿದ್ದಾಗ ನನ್ನ ಯಮಹಾ ಆರ್‌ಎಕ್ಸ್ 100ರ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಕಚ್ಚಿಕೊಂಡಿತು. ಕೈ ತಾನಾಗಿಯೇ ಕ್ಲಚ್ ಹಿಡಿದದ್ದರಿಂದ ಬಚಾವಾದೆ. ಹಿಂದೆ ಬರುತ್ತಿದ್ದ ವಿಮಾನ ನಿಲ್ದಾಣದ ಟ್ಯಾಕ್ಸಿಯವನು ಬೈದುಕೊಂಡೇ ಹೋದ, ಅವನ ತಪ್ಪೇನಿಲ್ಲ. ಎಂಜಿನ್ ಬೋರ್ ಮಾಡಿಸಿ, ಅಂದರೆ ಸವೆದ ಸಿಲಿಂಡರ್ ಬ್ಲಾಕಿನ ಒಳಗೋಡೆಯನ್ನು ತುಸು ದೊಡ್ಡ ಪಿಸ್ಟನ್ನಿಗೆ ತಕ್ಕಂತೆ ಕೊರೆಸಿ, ಆಗಿನ್ನೂ ಒಂಬತ್ತು ದಿನವಾಗಿತ್ತು.

ಗಾಡಿ ಮಾವನವರದು, 1992ರದು. ತಣ್ಣಗಿದ್ದಾಗ ಬ್ಲಾಕ್‌ನೊಳಗಿಂದ ಟಕಟಕ ಸದ್ದು ಬರುತ್ತಿತ್ತು, ಬಿಸಿಯಾದಂತೆ ಅಡಗುತ್ತಿತ್ತು. ಪಿಸ್ಟನ್ನಿಗೂ ಬ್ಲಾಕಿನ ಒಳಗೋಡೆಗೂ ನಡುವಿನ ಸಂದು ಹೆಚ್ಚಾಗಿ, ಪಿಸ್ಟನ್ ಗೋಡೆಗೆ ಬಡಿಯುವ ಸದ್ದು ಅದು. ಕಿಕ್ಕರನ್ನು ಕೈಯಲ್ಲಿ ಒತ್ತಿದರೂ ಇಳಿಯುವಷ್ಟು ಕಂಪ್ರೆಷನ್ ಹೋಗಿತ್ತು. ಆದ್ದರಿಂದ ಬೋರ್ ಮಾಡಿಸುವ ನಿರ್ಧಾರ ಸರಿಯಾಗಿಯೇ ಇತ್ತು. ಮಾಡಿಸಿದ ಕ್ರಮ ಕೆಟ್ಟಿತು.

ಮೆಕ್ಯಾನಿಕ್ ಬೆಳಗ್ಗೆಯೇ ಬ್ಲಾಕ್ ಬಿಚ್ಚಿ ಲೇತ್ ಅಂಗಡಿಗೆ ಕಳುಹಿಸಿಬಿಟ್ಟ. ಪಿಸ್ಟನ್ ಇನ್ನೂ ಕೊಂಡೇ ಇರಲಿಲ್ಲ. ಕೇಳಿದರೆ, "ಇಪ್ಪತ್ತೈದರ ಸೈಜ್ ತಾನೇ ಸಾರ್, ಎಲ್ಲಿ ತಂದರೂ ಒಂದೇ" ಎಂದ. ಮೂಲ ಬೋರ್, ಅಂದರೆ ಬ್ಲಾಕಿನ ಒಳವ್ಯಾಸ, 50 ಮಿ.ಮೀ., ಅದಕ್ಕಿಂತ ದೊಡ್ಡದಾಗಿ ಸಿಗುವ ಪಿಸ್ಟನ್‌ಗಳಲ್ಲಿ ಮೊದಲ ಅಳತೆ, ಅಂದರೆ ಮೊದಲ ಓವರ್‌ಸೈಜ್, 0.25. ಲೇತ್‌ನವರು ಲೆಕ್ಕಕ್ಕೆ ಸರಿಯಾಗಿ 50.25ಕ್ಕೆ ಕೊರೆದರು. ಸಂಜೆ ನಾನು ಜೆ.ಸಿ. ರಸ್ತೆಯಿಂದ ಪಿಸ್ಟನ್ ತಂದುಕೊಟ್ಟೆ. ಅದಕ್ಕೆ ಎರಡು ಹನಿ ಆಯಿಲ್ ಸವರಿ ಬ್ಲಾಕ್‌ನೊಳಗೆ ಬಿಟ್ಟ. ತನ್ನ ಭಾರಕ್ಕೆ ತಾನೇ ಮೆಲ್ಲಗೆ ಜಾರಿ ಇಳಿಯಿತು. "ನೋಡಿ ಸಾರ್, ಬೆಣ್ಣೆ" ಎಂದ. ನಾನೂ ತಲೆಯಾಡಿಸಿದೆ.

ಗಾಡಿ ನಿಂತ ಮೇಲೆ ಬ್ಲಾಕ್, ಪಿಸ್ಟನ್ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಕಲಾಸಿಪಾಳ್ಯದ ಇನ್ನೊಂದು ಲೇತ್ ಅಂಗಡಿಗೆ ಹೋದೆ. ಅಲ್ಲಿನ ಯಜಮಾನರು ಎರಡನ್ನೂ ತೊಳೆದು ಒರೆಸಿ ಮೇಜಿನ ಮೇಲಿಟ್ಟು, "ಬಿಸಿಲಲ್ಲಿ ಬಂದಿದೆ, ಆರಲಿ, ಕಾಫಿ ಕುಡಿದು ಬನ್ನಿ" ಎಂದರು. ಅಳತೆಗೆ ಮೊದಲು ಕಾಫಿಗೆ ಕಳುಹಿಸುವ ಅಂಗಡಿಯ ಮೇಲೆ ನನಗೀಗ ಭಾರಿ ಗೌರವ.

ಪಿಸ್ಟನ್ ದುಂಡಗೆ ಕಾಣುತ್ತದೆ, ಆದರೆ ದುಂಡಗಿರುವುದಿಲ್ಲ. ಹೆಚ್ಚು ಬಿಸಿಯಾಗಿ ಹೆಚ್ಚು ಹಿಗ್ಗುವ ನೆತ್ತಿಯನ್ನು ಕಿರಿದಾಗಿ, ಕೆಳಗಿನ ಗೋಡೆಯಾದ ಸ್ಕರ್ಟನ್ನು ತುಸು ಅಂಡಾಕಾರವಾಗಿ ಮಾಡಿರುತ್ತಾರೆ. ಹಾಗಾಗಿ ಅವರು ಮೈಕ್ರೋಮೀಟರನ್ನು ಸ್ಕರ್ಟ್‌ನ ಕೆಳ ಅಂಚಿಗಿಂತ ಸ್ವಲ್ಪ ಮೇಲೆ, ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್ನಿನ ತೂತಿಗೆ ಅಡ್ಡಲಾಗಿ ಹಿಡಿದರು: 50.24. ಒಳವ್ಯಾಸ ಅಳೆಯುವ ಬೋರ್ ಗೇಜನ್ನು ಬ್ಲಾಕಿನ ಮೇಲೆ, ನಡುವೆ, ಕೆಳಗೆ ಇಳಿಸಿ, ಪ್ರತಿ ಜಾಗದಲ್ಲೂ ಎರಡು ದಿಕ್ಕಿನಲ್ಲಿ ನೋಡಿದರು: 50.25. ಸಂದು ಒಂದು ಮಿಲಿಮೀಟರಿನ ನೂರನೇ ಒಂದು ಭಾಗ! ಗಾಳಿಯಿಂದ ತಂಪಾಗುವ ಇಂಥ ಚಿಕ್ಕ ಎಂಜಿನ್ನಿಗೆ ಸಾಮಾನ್ಯವಾಗಿ ಅದರ ನಾಲ್ಕೈದು ಪಟ್ಟು ಬೇಕು. ನಿಮ್ಮ ಗಾಡಿಯದನ್ನು ಸರ್ವಿಸ್ ಪುಸ್ತಕದಲ್ಲೇ ನೋಡಿ. ಅಲ್ಯೂಮಿನಿಯಂ ಪಿಸ್ಟನ್ ಕಬ್ಬಿಣದ ಬೋರ್‌ಗಿಂತ ಬೇಗ, ಹೆಚ್ಚು ಹಿಗ್ಗುತ್ತದೆ. ತಣ್ಣಗಿದ್ದಾಗ ಬೆಣ್ಣೆಯಂತೆ ಜಾರಿದ್ದು ಬಿಸಿಯಾದಾಗ ಬೆಣೆಯಾಯಿತು.

ಪಿನ್ನಿನ ತೂತಿನ ಎರಡೂ ಪಕ್ಕ, ಸ್ಕರ್ಟ್ ಮೇಲೆ ನಾಲ್ಕು ಕಡೆ ಉದ್ದುದ್ದ ಗೀರುಗಳಿದ್ದವು. ಬಿಗಿಯಾಗಿ ಹಿಡಿದುಕೊಂಡದ್ದರ ಗುರುತು ಅದು. ಸೈಲೆನ್ಸರ್ ಕಡೆ ಮಾತ್ರ ಗೀರಿದ್ದರೆ ಆಯಿಲ್ ಪಂಪ್, ಕಾರ್ಬುರೇಟರ್ ಅಥವಾ ಎಲ್ಲಾದರೂ ಗಾಳಿ ಸೋರುತ್ತಿದೆಯೇ ಎಂದು ನೋಡಬೇಕಾಗುತ್ತಿತ್ತಂತೆ. ನನ್ನ ಪಾಲೂ ಇತ್ತು. ಚಳಿಯ ಬೆಳಗ್ಗೆ ಬಿಸಿ ಮಾಡದೆ ಎಂಬತ್ತರಲ್ಲಿ ಓಡಿಸಿದ್ದೆ. ಮೊದಲಿನ ಮೆಕ್ಯಾನಿಕ್ ಈ ಒಂದು ಮಾತನ್ನೇ ಹಿಡಿದುಕೊಂಡು ನಯಾಪೈಸೆ ಹಿಂದಿರುಗಿಸಲಿಲ್ಲ.

ಹಣಕ್ಕಿಂತ ಹೊಟ್ಟೆ ಉರಿಯುವುದು ಬ್ಲಾಕ್ ಬಗ್ಗೆ. ಕಂಪನಿಯ ಹಳೆಯ ಬ್ಲಾಕಿಗೆ 0.25ರಿಂದ 1 ಮಿ.ಮೀ.ವರೆಗೆ ನಾಲ್ಕೇ ಓವರ್‌ಸೈಜ್. ಅದರಲ್ಲೊಂದು ಒಂಬತ್ತು ದಿನಕ್ಕೆ ಮುಗಿಯಿತು. ಈಗ 0.50ರಲ್ಲಿದ್ದೇನೆ.

ಈ ಸಲ ಪಿಸ್ಟನ್ ಮೊದಲು ಕೊಂಡೆ. ಯಜಮಾನರು ಅದನ್ನು ಅಳೆದು, ಸಂದು ಸೇರಿಸಿ, ಬೋರ್ ಎಷ್ಟಾಗಬೇಕೆಂದು ಬ್ಲಾಕ್ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮೇಲೆಯೇ ಯಂತ್ರ ಚಾಲೂ ಮಾಡಿದರು. ಆಮೇಲೆ ಪೋರ್ಟ್‌ಗಳ, ಅಂದರೆ ಬ್ಲಾಕಿನ ಗೋಡೆಯಲ್ಲಿರುವ ಕಿಂಡಿಗಳ, ಅಂಚನ್ನು ನವಿರಾಗಿ ಉಜ್ಜಿದರು. ಇಲ್ಲದಿದ್ದರೆ ಪಿಸ್ಟನ್ ಸುತ್ತಲಿನ ರಿಂಗ್ ಅಲ್ಲಿ ಸಿಕ್ಕಿ ಮುರಿಯಬಹುದು. ಮೊದಲಿನವರು ಅದನ್ನೂ ಮಾಡಿರಲಿಲ್ಲ.

ಯಾರಾದರೂ ವರ್ನಿಯರ್ ಹಿಡಿದು ಸಂದು ಹೇಳಲು ಬಂದರೆ ಬ್ಲಾಕ್ ವಾಪಸ್ ಇಸಿದುಕೊಳ್ಳಿ. ಸಾಮಾನ್ಯ ವರ್ನಿಯರ್ ತೋರಿಸುವುದೇ 0.02ರ ಲೆಕ್ಕದಲ್ಲಿ, ಅಂದರೆ ಬೇಕಾದ ಸಂದಿನ ಅರ್ಧದಷ್ಟು ಅದರ ಒಂದು ಗೆರೆಯಲ್ಲೇ ಹೋಗುತ್ತದೆ. ಫೀಲರ್ ಗೇಜ್ ಚಪ್ಪಟೆ ಪಟ್ಟಿ, ಬಾಗಿದ ಸಂದಿನಲ್ಲಿ ಸರಿಯಾಗಿ ಕೂರುವುದಿಲ್ಲ. ಅದನ್ನು ರಿಂಗ್‌ನ ಬಾಯಿ ಅಳೆಯಲು ಇಟ್ಟುಕೊಳ್ಳಲಿ.

ಹೊಸ ಪಿಸ್ಟನ್ ಪಳಗಲೆಂದು ಸದ್ಯ ಗಾಡಿ ನಲವತ್ತು ದಾಟಿಸುತ್ತಿಲ್ಲ. ಬಿಎಂಟಿಸಿ ಬಸ್ಸುಗಳೆಲ್ಲ ನನ್ನನ್ನು ಹಿಂದೆ ಹಾಕಿ ಹೋಗುತ್ತಿವೆ.