ಠಾಣೆಯೋ, ಸಖಿಯೋ, ಸಿಡಿಪಿಒ ಕಚೇರಿಯೋ?

ವಿಜಯಪುರ ಜಿಲ್ಲೆಯ ಇಂಡಿಯಲ್ಲಿರುವ ನಿಮ್ಮ ಅಕ್ಕ ಗಂಡನ ಹೊಡೆತದ ವಿರುದ್ಧ ಮೊದಲು ಎಲ್ಲಿಗೆ ಹೋಗಬೇಕು ಎಂದು ಕೇಳಿದ್ದೀರಿ. ಈ ರಾತ್ರಿಯೇ ಜೀವಭಯವಿದ್ದರೆ ತುರ್ತು ಸಂಖ್ಯೆ 112ಕ್ಕೆ ಕರೆ, ಉಳಿದದ್ದು ಆಮೇಲೆ.

ಆಸರೆಗೆ ಜಾಗ ಬೇಕಿದ್ದರೆ ನೊಂದ ಮಹಿಳೆಯರಿಗೆ ನೆರವಾಗುವ ಸರ್ಕಾರಿ ಸಖಿ ಕೇಂದ್ರ (ಸಹಾಯವಾಣಿ 181): ಚಿಕಿತ್ಸೆ, ಸಮಾಲೋಚನೆ, 5 ದಿನದವರೆಗೆ ವಸತಿ. ಆದರೆ ವಿಜಯಪುರಕ್ಕೇ ಬರಬೇಕು.

ಗಂಡನಿಗೆ ಶಿಕ್ಷೆಯಾಗಲಿ ಎಂದರೆ ಠಾಣೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 85ರಡಿ 3 ವರ್ಷದವರೆಗೆ ಜೈಲು. ಎಡವುವುದು ಇಲ್ಲೇ: ಹಿರಿಯರು ಸೇರಿ ಮುಚ್ಚಳಿಕೆ ಬರೆಸಿ ಕಳಿಸಿಬಿಡುತ್ತಾರೆ. ದೂರು ಸ್ವೀಕರಿಸಿದ್ದಕ್ಕೆ ಹಿಂಬರಹ ಇಲ್ಲದೆ ಹೊರಬರಬೇಡಿ.

ಮನೆಯಲ್ಲೇ ಇದ್ದು ರಕ್ಷಣೆ, ಜೀವನಾಂಶ ಬೇಕಿದ್ದರೆ ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ). 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಅವರೇ ಸಂರಕ್ಷಣಾಧಿಕಾರಿ. ಅವರು ಸಿದ್ಧಪಡಿಸುವ ಘಟನಾ ವರದಿಯಲ್ಲಿ ಹೊಡೆದ ದಿನಾಂಕ, ದವಾಖಾನೆ ಚೀಟಿ, ಸ್ತ್ರೀಧನದ ಪಟ್ಟಿ ಸೇರಿಸಿ. ‘ಯಾವಾಗಲೂ ಹೊಡೆಯುತ್ತಾನೆ’ ಎಂದಷ್ಟೇ ಬರೆದರೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. 60 ದಿನದಲ್ಲಿ ಇತ್ಯರ್ಥವೆಂಬುದು ಕಾಗದದ ಮಾತು, ಹಾಗಾಗಿ ಅದೇ ಕಾಯ್ದೆಯ ಕಲಂ 23ರ ಮಧ್ಯಂತರ ಆದೇಶವನ್ನೂ ಜೊತೆಗೇ ಕೇಳಿ. ರಕ್ಷಣಾ ಆದೇಶ ಮುರಿದರೆ 1 ವರ್ಷದವರೆಗೆ ಜೈಲು.

ಖರ್ಚಿನ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ತಾಲೂಕು ಕಾನೂನು ಸೇವಾ ಸಮಿತಿಯಿಂದ ಮಹಿಳೆಗೆ ವಕೀಲರು ಉಚಿತ. ಠಾಣೆಗೆ ಹೋದವರು ಸಿಡಿಪಿಒ ಬಳಿಗೂ ಹೋಗಬಹುದು.